ಪರದೇಶದಲ್ಲಿ ದತ್ತು ಪಡೆದ ಮಗುವಿನೊಂದಿಗೆ ಮೊದಲ ದಿನಗಳು

ಬೇರೆ ದೇಶದಿಂದ ಮಗುವನ್ನು ದತ್ತು ಪಡೆಯುವಾಗ ಕಾಗದಪತ್ರಗಳಿಗೆ ವರ್ಷಗಳೇ ಹಿಡಿಯುತ್ತವೆ. ಮಗುವನ್ನು ಕೈಗೊಪ್ಪಿಸುವ ಕೆಲಸ ಮಾತ್ರ ಅನೇಕ ಸಲ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಒಂದು ಕಚೇರಿಯಲ್ಲೋ ಶಿಶುಗೃಹದ ಅತಿಥಿ ಕೋಣೆಯಲ್ಲೋ ಸಹಿ ಹಾಕಿ ಹೊರಬಂದ ಮೇಲೆ, ಭಾಷೆ ತಿಳಿಯದ ಊರಿನಲ್ಲಿ, ಬಾಡಿಗೆಯ ಕೋಣೆಯೊಂದರಲ್ಲಿ, ನಿಮ್ಮನ್ನು ಫೋಟೋದಲ್ಲಷ್ಟೇ ನೋಡಿರಬಹುದಾದ ಅಥವಾ ಅದನ್ನೂ ನೋಡಿರದ ಮಗುವಿನೊಂದಿಗೆ ನೀವು ಉಳಿಯುತ್ತೀರಿ. ನ್ಯಾಯಾಲಯದ ಆದೇಶ ಅಂತಿಮವಾಗುವುದು, ಮಗುವಿಗೆ ಪಾಸ್‌ಪೋರ್ಟ್ ಸಿಗುವುದು, ನಿಮ್ಮ ದೇಶದ ರಾಯಭಾರ ಕಚೇರಿ ಪ್ರವೇಶಾನುಮತಿ ಕೊಡುವುದು ಇವೆಲ್ಲ ಆಗುವವರೆಗೆ ಅಲ್ಲಿಯೇ ಇರಬೇಕಾಗುತ್ತದೆ. ಕೆಲವು ದೇಶಗಳಲ್ಲಿ ಇದು ಒಂದೆರಡು ವಾರಗಳ ಮಾತು, ಕೆಲವೆಡೆ ಅದಕ್ಕಿಂತ ಬಹಳ ಹೆಚ್ಚು. ಈ ಬರಹ ಆ ಕಾಯುವ ದಿನಗಳ ಬಗ್ಗೆ ಮತ್ತು ಮನೆಗೆ ಮರಳಿದ ಮೇಲಿನ ಮೊದಲ ಕೆಲವು ವಾರಗಳ ಬಗ್ಗೆ.

ಈ ಅವಧಿಯಲ್ಲಿ ಮಗುವಿಗೆ ಏನನ್ನಾದರೂ ಕಲಿಸಬೇಕಾಗಿಲ್ಲ. ಅದರ ಪ್ರೀತಿಯನ್ನು ಗೆಲ್ಲುವ ಅವಸರವೂ ಬೇಡ. ಹಸಿದಾಗ, ಹೆದರಿದಾಗ, ನೋವಾದಾಗ, ಬಟ್ಟೆ ಒದ್ದೆಯಾದಾಗ ಪ್ರತಿ ಸಲವೂ ಬರುವವರು ಇವರೇ ಎಂಬುದು ಅದರ ಅರಿವಿಗೆ ಬಂದರೆ ಸಾಕು. ಪಾಳಿಯ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ಇದು ಎಂದೂ ಆಗಿರದ ಅನುಭವ. ಮುಂದೆ ಹೇಳುವ ಹೆಚ್ಚಿನ ಸಲಹೆಗಳು ಈ ಒಂದು ಗುರಿಯಿಂದಲೇ ಹುಟ್ಟಿದಂಥವು.

ಮಗು ಕೈಗೆ ಬರುವ ಮುನ್ನ

ಮಗುವನ್ನು ನೋಡಿಕೊಳ್ಳುತ್ತಿದ್ದವರೊಡನೆ ಮಾತನಾಡುವ ಅವಕಾಶ ಸಾಮಾನ್ಯವಾಗಿ ಒಮ್ಮೆ ಮಾತ್ರ, ಅದೂ ದುಭಾಷಿಯ ಮೂಲಕ, ಗಡಿಬಿಡಿಯ ನಡುವೆ ಸಿಗುತ್ತದೆ. ಆದ್ದರಿಂದ ಪ್ರಶ್ನೆಗಳನ್ನು ಮೊದಲೇ ಬರೆದು, ಆ ಭಾಷೆಗೆ ಅನುವಾದ ಮಾಡಿಸಿ, ಉತ್ತರ ಬರೆಯಲು ಜಾಗ ಬಿಟ್ಟು ಕಾಗದವನ್ನೇ ಕೈಗೆ ಕೊಡುವುದು ಒಳ್ಳೆಯದು. ‘ಆರೋಗ್ಯ ಹೇಗಿದೆ’ ಎಂಬಂಥ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಒಂಟಿಯಾಗಿಯೋ ಇನ್ನೊಂದು ಮಗುವಿನ ಜೊತೆಗೋ, ದೀಪ ಉರಿಯುತ್ತಿರುತ್ತದೆಯೋ ಆರಿರುತ್ತದೆಯೋ, ಹಾಲು ಎಷ್ಟು ಬಿಸಿ ಇರುತ್ತದೆ, ಅದಕ್ಕೆ ಸಕ್ಕರೆ ಅಥವಾ ಗಂಜಿ ಬೆರೆಸುತ್ತಾರೆಯೇ, ಬಾಟಲಿಯ ನಿಪ್ಪಲಿನ ತೂತು ಎಷ್ಟು ದೊಡ್ಡದು, ಮೂತ್ರ ಬಂದಾಗ ಮಗು ಯಾವ ಶಬ್ದದಿಂದ ತಿಳಿಸುತ್ತದೆ, ಅತ್ತಾಗ ಸಮಾಧಾನ ಮಾಡುವವರು ಯಾರು ಮತ್ತು ಹೇಗೆ, ಅದನ್ನು ಕರೆಯುವ ಮುದ್ದಿನ ಹೆಸರೇನು, ಯಾವ ಮಗುವಿನೊಡನೆ ಹೆಚ್ಚು ಒಡನಾಟ, ಯಾವ ಔಷಧಿ ನಡೆಯುತ್ತಿದೆ, ಮೈಮೇಲಿನ ಕಲೆಗಳು ಹೇಗಾದವು ಎಂದು ಬಿಡಿಬಿಡಿಯಾಗಿ ಕೇಳಬೇಕು. ನಿಪ್ಪಲಿನ ತೂತಿನ ಪ್ರಶ್ನೆ ತೀರಾ ಸಣ್ಣದೆನಿಸಬಹುದು. ಆದರೆ ಬೇಗ ಬೇಗ ಕುಡಿಸಿ ಮುಗಿಸಲೆಂದು ದೊಡ್ಡದಾಗಿ ಕತ್ತರಿಸಿದ ನಿಪ್ಪಲಿಗೆ ಒಗ್ಗಿದ ಶಿಶು ಹೊಸ ಬಾಟಲಿಯಿಂದ ಹಾಲು ಎಳೆಯಲಾರದೆ ರಾತ್ರಿಯೆಲ್ಲ ಅತ್ತಾಗ ಈ ಒಂದು ಉತ್ತರದ ಬೆಲೆ ತಿಳಿಯುತ್ತದೆ.

ಆಯಾಗಳ ಫೋಟೋ, ಮಗು ಮಲಗುತ್ತಿದ್ದ ಮಂಚದ ಫೋಟೋ, ಕಟ್ಟಡದ ಹೊರನೋಟ, ಸಾಧ್ಯವಾದರೆ ಆಯಾ ಹಾಡುವ ಅಥವಾ ಮಾತನಾಡಿಸುವ ಧ್ವನಿಮುದ್ರಣ ಇವುಗಳನ್ನು ಅನುಮತಿ ಪಡೆದು ಸಂಗ್ರಹಿಸಿಕೊಳ್ಳಿ. 1993ರ ಮೇ 29ರಂದು ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವಾದ ಹೇಗ್ ದತ್ತು ಒಡಂಬಡಿಕೆಯ 30ನೆಯ ವಿಧಿಯು, ಮಗುವಿನ ಮೂಲ, ಹೆತ್ತವರ ಗುರುತು ಮತ್ತು ವೈದ್ಯಕೀಯ ಹಿನ್ನೆಲೆಯ ಕುರಿತು ತಮ್ಮಲ್ಲಿರುವ ಮಾಹಿತಿಯನ್ನು ಸಂರಕ್ಷಿಸುವ ಹೊಣೆಯನ್ನು ಸದಸ್ಯ ದೇಶಗಳ ಅಧಿಕಾರಿಗಳ ಮೇಲೆ ಹೊರಿಸಿದೆ. ಹಾಗಿದ್ದರೂ ಕಡತದಲ್ಲಿ ಸೇರದ ಸಂಗತಿಗಳೇ ಹೆಚ್ಚು. ಮಗು ಎಲ್ಲಿ ಸಿಕ್ಕಿತು, ಆ ಹೆಸರನ್ನು ಇಟ್ಟವರು ಯಾರು, ಮೊದಲು ಎತ್ತಿಕೊಂಡವರು ಯಾರು ಎಂಬುದನ್ನು ಹೇಳಬಲ್ಲ ಹಿರಿಯ ಆಯಾ ಹತ್ತು ವರ್ಷಗಳ ನಂತರ ಅಲ್ಲಿ ಇರಲಾರಳು. ಆ ಪ್ರಶ್ನೆಗಳನ್ನು ನಿಮ್ಮ ಮಗು ಕೇಳುವುದಂತೂ ಖಂಡಿತ.

ಮಗುವಿನ ಭಾಷೆಯಲ್ಲಿ ಕೆಲವು ಮಾತುಗಳನ್ನಾದರೂ ಉಚ್ಚಾರಣೆಸಹಿತ ಕಲಿತಿರಬೇಕು: ಹಸಿವಾಗಿದೆಯೇ, ನೀರು ಬೇಕೇ, ಎಲ್ಲಿ ನೋಯುತ್ತಿದೆ, ಶೌಚಕ್ಕೆ ಹೋಗಬೇಕೇ, ಹೆದರಬೇಡ, ನಾನು ಇಲ್ಲೇ ಇದ್ದೇನೆ, ಈಗ ಹೋಗಿ ಮತ್ತೆ ಬರುತ್ತೇನೆ. ಪ್ರವಾಸಿಗರ ಪುಸ್ತಕದಲ್ಲಿರುವ ಔಪಚಾರಿಕ ವಾಕ್ಯಗಳು ಇದಕ್ಕೆ ಒದಗುವುದಿಲ್ಲ. ಆ ಭಾಷೆಯ ತಾಯಂದಿರು ಮಕ್ಕಳೊಡನೆ ಆಡುವ ರೀತಿಯಲ್ಲಿ ಕಲಿಯಬೇಕು.

ಜೊತೆಗೆ ಯಾರು ಹೋಗಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಆದಷ್ಟು ಕಡಿಮೆ ಜನ. ಅಜ್ಜ ಅಜ್ಜಿ, ಸ್ನೇಹಿತರು ಬಂದರೆ ಮಗುವಿಗೆ ಒಮ್ಮೆಲೇ ಅಷ್ಟೊಂದು ಹೊಸ ಮುಖಗಳು. ಒಬ್ಬರೇ ಪಾಲಕರಾಗಿದ್ದರೆ ಒಬ್ಬ ಸಂಗಾತಿ ಅಗತ್ಯ. ಆದರೆ ಅವರು ಸಾಲಿನಲ್ಲಿ ನಿಲ್ಲುವುದು, ಊಟ ತರುವುದು, ಬಟ್ಟೆ ಒಗೆಯುವುದು ಮುಂತಾದ ಕೆಲಸಗಳಿಗೆ ಇರಲಿ, ಮಗುವಿನ ಆರೈಕೆ ನಿಮ್ಮ ಕೈಯಲ್ಲೇ ಇರಲಿ.

ಮೊದಲ ದಿನ

ಕೈಗೊಪ್ಪಿಸುವ ಹೊತ್ತಿನಲ್ಲಿ ಒಂದು ಮಗು ಉಸಿರುಗಟ್ಟುವಂತೆ ಅಳುತ್ತದೆ. ಇನ್ನೊಂದು ಕಲ್ಲಿನಂತೆ ಸುಮ್ಮನಾಗಿ, ನೋಟವನ್ನೂ ತಪ್ಪಿಸಿ, ಬೇಗನೆ ನಿದ್ರೆಗೆ ಜಾರುತ್ತದೆ. ಮತ್ತೊಂದು ನಗುತ್ತಾ ಬಂದು ತೊಡೆಯೇರುತ್ತದೆ. ನೋಡುವವರು ಮೊದಲನೆಯದನ್ನು ಕಷ್ಟದ ಮಗುವೆಂದೂ ಉಳಿದೆರಡನ್ನು ಸುಲಭದ ಮಕ್ಕಳೆಂದೂ ತಿಳಿಯುತ್ತಾರೆ. ವಸ್ತುಸ್ಥಿತಿ ಹೆಚ್ಚಾಗಿ ಇದಕ್ಕೆ ತಿರುಗುಮುರುಗು. ಆಯಾಳ ಕುತ್ತಿಗೆ ಬಿಡದೆ ಅಳುವ ಮಗುವಿಗೆ ಒಬ್ಬರನ್ನು ಹಚ್ಚಿಕೊಳ್ಳುವುದು ಗೊತ್ತಿದೆ. ಹಚ್ಚಿಕೊಂಡವರನ್ನು ಕಳೆದುಕೊಂಡದ್ದರಿಂದಲೇ ಅದು ಅಳುತ್ತಿದೆ. ಸುಮ್ಮನಾದ ಮಗು ಭಯದಿಂದ ಒಳಸರಿದಿರಬಹುದು. ಅಪರಿಚಿತರ ತೊಡೆಯನ್ನು ಹಿಂಜರಿಕೆಯಿಲ್ಲದೆ ಏರುವ ಮಗುವಿಗೆ ತನ್ನವರು ಮತ್ತು ಪರರು ಎಂಬ ಭೇದ ಇನ್ನೂ ಮೂಡಿಲ್ಲದಿರಬಹುದು. ಮೂರೂ ಆ ವಯಸ್ಸಿನ ಮಗುವೊಂದು ಇಂಥ ಸಂದರ್ಭವನ್ನು ಎದುರಿಸುವ ಸಹಜ ರೀತಿಗಳೇ ಆದ್ದರಿಂದ ಮೊದಲ ದಿನದ ನಡವಳಿಕೆಯಿಂದ ಮಗುವಿನ ಸ್ವಭಾವವನ್ನಾಗಲಿ ಭವಿಷ್ಯವನ್ನಾಗಲಿ ಅಳೆಯಲು ಹೋಗಬಾರದು.

ಅಳುವ ಮಗುವನ್ನು ತಕ್ಷಣ ನಗಿಸುವ ಪ್ರಯತ್ನ ಬೇಡ. ಆಟಿಕೆ ಕುಣಿಸುವುದು, ಚಪ್ಪಾಳೆ ತಟ್ಟುವುದು, ಮುಖದ ಹತ್ತಿರ ಮುಖ ತಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅದರ ದಿಗಿಲನ್ನು ಹೆಚ್ಚಿಸುತ್ತವೆ. ಶಿಶುವಾದರೆ ಎದೆಗೊರಗಿಸಿಕೊಂಡು, ಮೆಲುದನಿಯಲ್ಲಿ ಒಂದೇ ರಾಗವನ್ನು ಮತ್ತೆ ಮತ್ತೆ ಗುನುಗುತ್ತಾ ಓಡಾಡಿ. ನಡೆಯುವ ವಯಸ್ಸಿನ ಮಗುವಾದರೆ ಸ್ವಲ್ಪ ದೂರದಲ್ಲಿ, ನೆಲದ ಮೇಲೆ, ಅದಕ್ಕೆ ಎದುರಾಗಿ ಅಲ್ಲದೆ ಪಕ್ಕಕ್ಕೆ ಕುಳಿತು, ಅದೇ ಹತ್ತಿರ ಬರುವವರೆಗೆ ಕಾಯಿರಿ. ಅಷ್ಟೂ ಹೊತ್ತು ವಿಡಿಯೊ ಮಾಡುತ್ತಾ ನಿಲ್ಲುವುದು ಸಲ್ಲದು. ಮಗುವಿನ ಬದುಕಿನ ಅತ್ಯಂತ ದುಃಖದ ಗಳಿಗೆಯನ್ನು ಸಂಭ್ರಮದ ದೃಶ್ಯವಾಗಿ ಇತರರಿಗೆ ಕಳುಹಿಸುವುದಂತೂ ಇನ್ನೂ ಸಲ್ಲದು.

ಮಗು ತೊಟ್ಟು ಬಂದ ಬಟ್ಟೆ ಎಷ್ಟೇ ಹಳೆಯದಿರಲಿ, ಮಾಸಿರಲಿ, ಅದನ್ನು ಒಡನೆ ಬಿಚ್ಚಿ ಒಗೆಯಲು ಹಾಕಬೇಡಿ. ಅದರಲ್ಲಿ ಉಳಿದಿರುವುದು ಮಗುವಿಗೆ ಗೊತ್ತಿರುವ ಏಕೈಕ ವಾಸನೆ. ಮೊದಲ ರಾತ್ರಿ ಆ ಬಟ್ಟೆಯಲ್ಲೇ ಮಲಗಲಿ. ಸಂಸ್ಥೆಯವರು ಬಟ್ಟೆಯನ್ನು ಮರಳಿ ಕೇಳುವ ಪದ್ಧತಿ ಇದ್ದರೆ, ಬದಲಿಗೆ ಹೊಸ ಜೊತೆ ಬಟ್ಟೆ ಕೊಟ್ಟು ಅದನ್ನು ಉಳಿಸಿಕೊಳ್ಳಲಾಗುವುದೇ ಎಂದು ವಿನಯದಿಂದ ಕೇಳಬಹುದು. ಸ್ನಾನವೂ ಅಂದೇ ಆಗಬೇಕೆಂದಿಲ್ಲ. ಸಾಲಾಗಿ ನಿಲ್ಲಿಸಿ ನೀರು ಸುರಿಯುವ ಕಡೆಯಿಂದ ಬಂದ ಮಕ್ಕಳು ತೊಟ್ಟಿಯ ನೀರನ್ನೂ ಶವರಿನ ಸದ್ದನ್ನೂ ಕಂಡು ಕಿರುಚಬಹುದು. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಮರುದಿನ ಸಣ್ಣ ಪಾತ್ರೆಯಲ್ಲಿ ನೀರಿಟ್ಟು ಆಟವಾಡಿಸಿ, ಆಮೇಲೆ ಸ್ನಾನಕ್ಕೆ ಬರಬಹುದು.

ಮೊದಲ ಬಾರಿ ಬಟ್ಟೆ ಬದಲಿಸುವಾಗ ಮೈಯನ್ನು ಗಮನವಿಟ್ಟು ನೋಡಿಕೊಳ್ಳಿ. ಅನೇಕ ಶಿಶುಗಳಿಗೆ ಸೊಂಟದ ಕೆಳಗೆ ಮತ್ತು ಪೃಷ್ಠದ ಮೇಲೆ ಹುಟ್ಟಿನಿಂದಲೇ ನೀಲಿ ಅಥವಾ ಬೂದು ಬಣ್ಣದ ಮಚ್ಚೆಗಳಿರುತ್ತವೆ. ಅವು ನಿರಪಾಯಕಾರಿಯಾಗಿದ್ದು ಬೆಳೆದಂತೆ ಮಾಸುತ್ತವೆ; ಆದರೆ ಪೆಟ್ಟಿನ ಗುರುತಿನಂತೆಯೇ ಕಾಣುತ್ತವೆ. ಅವುಗಳ ಫೋಟೋ ತೆಗೆದು, ಮೊದಲ ವೈದ್ಯಕೀಯ ತಪಾಸಣೆಯಲ್ಲಿ ದಾಖಲಿಸಿಕೊಂಡರೆ ಮುಂದೆ ಶಿಶುಪಾಲನಾ ಕೇಂದ್ರದಲ್ಲೋ ಆಸ್ಪತ್ರೆಯಲ್ಲೋ ಅನಗತ್ಯ ಸಂಶಯ ಏಳುವುದಿಲ್ಲ. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದುಗಳಲ್ಲಿ ಸಣ್ಣ ಗುಳ್ಳೆಗಳು ಇದ್ದರೆ ಅದು ಕಜ್ಜಿಯಾಗಿರಬಹುದು. ಕಜ್ಜಿಗೆ ಮಗುವಿನ ಜೊತೆ ಒಂದೇ ಕೋಣೆಯಲ್ಲಿರುವ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಹೇನಿದ್ದರೆ ತಲೆ ಬೋಳಿಸುವ ಅವಸರ ಮಾಡದೆ ಔಷಧಿ ಮತ್ತು ಬಾಚಣಿಗೆಯಿಂದಲೇ ನಿಭಾಯಿಸಿ.

ಕೋಣೆ ಮತ್ತು ರಾತ್ರಿ

ಹೊಸ ದೇಶ ನೋಡಬೇಕೆಂಬ ಆಸೆ ಪಾಲಕರಿಗಿರುವುದು ಸಹಜ. ಅದನ್ನು ಮಗು ಸಿಗುವ ಮುನ್ನವೇ ತೀರಿಸಿಕೊಳ್ಳುವುದು ಒಳ್ಳೆಯದು. ಮೊದಲ ನಾಲ್ಕೈದು ದಿನ ಒಂದು ಕೋಣೆ, ಹತ್ತಿರದ ಒಂದು ಉದ್ಯಾನ, ಊಟಕ್ಕೆ ಒಂದೇ ಜಾಗ, ಇಷ್ಟೇ ಮಗುವಿನ ಲೋಕವಾಗಿರಲಿ. ಸಂಸ್ಥೆಯ ದಿನಚರಿ ಗೊತ್ತಿದ್ದರೆ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಿದ್ದೆ ನಡೆಯಲಿ. ಹೊಸ ಆಟಿಕೆಗಳನ್ನು ರಾಶಿ ಹಾಕದೆ ಒಂದೋ ಎರಡೋ ಹೊರಗಿಟ್ಟರೆ ಸಾಕು.

ಕೋಣೆಯನ್ನು ಮಗುವಿನ ಎತ್ತರದಿಂದ ನೋಡಲು ಒಮ್ಮೆ ಮಂಡಿಯೂರಿ ಸುತ್ತಾಡಿ. ಕಿಟಕಿ ಮತ್ತು ಬಾಲ್ಕನಿಯ ಚಿಲಕ, ವಿದ್ಯುತ್ ಕೆಟಲ್, ತೂಗುವ ಪರದೆಯ ಹಗ್ಗ, ನಿಮ್ಮದೇ ಚೀಲದಲ್ಲಿರುವ ಮಾತ್ರೆಗಳು, ನಲ್ಲಿಯಿಂದ ಬರುವ ಬಿಸಿನೀರು ಇವು ಮುಖ್ಯ ಅಪಾಯಗಳು. ಶಾಲಾ ವಯಸ್ಸಿನ ಮಗು ಕೂಡ ಲಿಫ್ಟನ್ನಾಗಲಿ ವಾಹನ ತುಂಬಿದ ರಸ್ತೆಯನ್ನಾಗಲಿ ಎಂದೂ ಕಂಡಿರದಿರಬಹುದು. ವಯಸ್ಸಿಗೆ ತಕ್ಕ ಎಚ್ಚರ ಇದ್ದೇ ಇರುತ್ತದೆ ಎಂದು ನಂಬಬೇಡಿ.

ಹಗಲು ನಗುತ್ತಿದ್ದ ಮಗುವಿನ ದುಃಖ ರಾತ್ರಿ ಹೊರಬೀಳುತ್ತದೆ. ಹತ್ತಾರು ಮಕ್ಕಳ ಉಸಿರಿನ ಸದ್ದಿನಲ್ಲಿ ಮಲಗಿದ ಮಗುವಿಗೆ ನಿಶ್ಶಬ್ದವಾದ ಕತ್ತಲೆಯ ಕೋಣೆ ಭಯ ಹುಟ್ಟಿಸುತ್ತದೆ. ಸಣ್ಣ ದೀಪವೊಂದು ಉರಿಯುತ್ತಿರಲಿ. ಮಗುವಿನ ಹಾಸಿಗೆ ನಿಮ್ಮ ಕೈಗೆಟುಕುವ ಹಾಗಿರಲಿ. ಒಂದು ವರ್ಷದೊಳಗಿನ ಶಿಶುವನ್ನು ಅದೇ ಕೋಣೆಯಲ್ಲಿ, ಆದರೆ ಬೇರೆ ತೊಟ್ಟಿಲಿನಲ್ಲಿ, ಗಟ್ಟಿ ಹಾಸಿಗೆಯ ಮೇಲೆ, ದಿಂಬು ಮತ್ತು ಸಡಿಲ ಹೊದಿಕೆಗಳಿಲ್ಲದೆ ಅಂಗಾತ ಮಲಗಿಸುವುದು ಸುರಕ್ಷಿತ. ಹೋಟೆಲಿನ ಮೆತ್ತನೆಯ ದೊಡ್ಡ ಹಾಸಿಗೆಯಲ್ಲಿ, ಪ್ರಯಾಣದ ದಣಿವಿನಿಂದ ಮೈಮರೆತು ನಿದ್ರಿಸುವ ಇಬ್ಬರ ನಡುವೆ ಶಿಶು ಮಲಗುವುದು ಅಪಾಯಕರ. ಶಿಶುಗೃಹದಲ್ಲಿ ಬೆಳೆದ ಕೆಲವು ಮಕ್ಕಳು ಎಚ್ಚರವಾದರೂ ಅಳುವುದಿಲ್ಲ, ಅತ್ತರೂ ಯಾರೂ ಬರುವುದಿಲ್ಲವೆಂಬುದನ್ನು ಅವು ಕಲಿತಿರುತ್ತವೆ. ಅಂಥ ಮಗುವಿನ ಬಳಿಗೆ ಕರೆಯದಿದ್ದರೂ ರಾತ್ರಿ ಒಂದೆರಡು ಸಲ ಎದ್ದು ಹೋಗಿ ನೋಡಬೇಕಾಗುತ್ತದೆ. ಕೆಲವು ವಾರಗಳಲ್ಲಿ ಅದು ಅಳಲು ತೊಡಗಿದರೆ ಬೇಸರಪಡದೆ, ಕೆಲಸ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಿರಿ.

ನಿದ್ರೆಗೆ ಮುನ್ನ ಮೈಯನ್ನು ಹಿಂದೆ ಮುಂದೆ ತೂಗುವುದು, ತಲೆಯನ್ನು ದಿಂಬಿಗೆ ಬಡಿಯುವುದು, ಕೈಯನ್ನು ಕಣ್ಣ ಮುಂದೆ ಆಡಿಸುವುದು ಮುಂತಾದ ಅಭ್ಯಾಸಗಳನ್ನು ಕಂಡು ಪಾಲಕರು ಗಾಬರಿಯಾಗುತ್ತಾರೆ. ಎತ್ತಿ ತೂಗುವವರಿಲ್ಲದ ಮಗು ತನ್ನನ್ನು ತಾನೇ ತೂಗಿಕೊಳ್ಳುವ ರೀತಿ ಇದು. ಗದರಿಸಿ ನಿಲ್ಲಿಸಬಾರದು, ಎತ್ತಿಕೊಂಡು ಅದೇ ಲಯದಲ್ಲಿ ನೀವೇ ತೂಗಿ. ಆರೈಕೆ ಸಿಕ್ಕಂತೆ ಇದು ಹೆಚ್ಚಿನ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ತಿಂಗಳುಗಳು ಕಳೆದರೂ ಹಾಗೆಯೇ ಉಳಿದರೆ ತಜ್ಞರಿಗೆ ತೋರಿಸಬೇಕು.

ಊಟ

ಮೊದಲ ದಿನಗಳ ಅರ್ಧ ಸಂಬಂಧ ಊಟದ ಸುತ್ತಲೇ ಬೆಳೆಯುವುದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲನೆಯದಾಗಿ, ಮಗು ಈವರೆಗೆ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ಪೌಷ್ಟಿಕಾಂಶದ ದೃಷ್ಟಿಯಿಂದ ಅದು ಕಳಪೆಯೆಂದು ತೋರಿದರೂ ಸುಧಾರಣೆಗೆ ಮುಂದೆ ಬೇಕಾದಷ್ಟು ಸಮಯವಿದೆ. ಶಿಶುವಿಗೆ ಕೊಡುತ್ತಿದ್ದ ಹಾಲಿನ ಪುಡಿಯನ್ನೇ ಮನೆಗೆ ಮರಳಿದ ಮೇಲಿನ ಕೆಲವು ವಾರಗಳಿಗೂ ಸಾಲುವಷ್ಟು ಕೊಂಡುಕೊಂಡು, ನಂತರ ಹೊಸದನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಬದಲಿಸಬಹುದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು. ಹಸುವಿನ ಹಾಲನ್ನು ಅದರ ಮುಖ್ಯ ಆಹಾರವಾಗಿಸಬಾರದು.

ಎರಡು ವರ್ಷ ದಾಟಿದ ಮಗುವಿಗೂ ಅಗಿಯಲು ಬಾರದಿರಬಹುದು. ಸಮಯ ಉಳಿಸಲೆಂದು ಬಾಟಲಿಯಲ್ಲೇ ತೆಳ್ಳನೆಯ ಗಂಜಿ ಕುಡಿಸಿ ಬೆಳೆಸಿದ್ದರೆ, ಗಟ್ಟಿ ತುಣುಕು ನಾಲಗೆಗೆ ತಾಗಿದ ಕೂಡಲೇ ಅದು ಓಕರಿಸುತ್ತದೆ. ಮೆದುವಾಗಿ ಹಿಸುಕಿದ ಆಹಾರದಿಂದ ಆರಂಭಿಸಿ, ಕಡಲೆಕಾಯಿ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿಗಳಂತಹ ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳಿಂದ ದೂರವಿರಿ.

ಹಸಿವನ್ನು ಚೆನ್ನಾಗಿ ಕಂಡ ಮಕ್ಕಳು ವಾಂತಿಯಾಗುವಷ್ಟು ತಿನ್ನುವುದೂ, ದಿಂಬಿನ ಕೆಳಗೆ ಬ್ರೆಡ್ಡಿನ ಚೂರು ಅಡಗಿಸುವುದೂ, ಪಕ್ಕದವರ ತಟ್ಟೆಗೆ ಕೈಹಾಕುವುದೂ ಸಾಮಾನ್ಯ. ಇದನ್ನು ಕಳ್ಳತನವೆಂದು ತಿಳಿದು ಶಿಕ್ಷಿಸಿದರೆ ಹಸಿವಿನ ಭಯ ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವನ್ನು ಎರಡು ಮೂರು ಗಂಟೆಗೊಮ್ಮೆ ಕೊಡುತ್ತಿರಿ, ಮುಂದಿನ ಊಟ ಯಾವಾಗ ಎಂಬುದನ್ನು ಬೆರಳಿನಿಂದಾದರೂ ತೋರಿಸಿ ಹೇಳಿ, ಕೆಡದ ತಿಂಡಿಯಿರುವ ಒಂದು ಡಬ್ಬಿಯನ್ನು ಮಗುವಿನ ಕೈಗೆ ಸಿಗುವಲ್ಲಿ ಇಟ್ಟು ಅದು ಖಾಲಿಯಾದಾಗಲೆಲ್ಲ ತುಂಬಿ. ಇದಕ್ಕೆ ಒಂದು ಅಪವಾದವಿದೆ. ಮೂಳೆ ಚರ್ಮ ಅಂಟಿಕೊಂಡಂತಿರುವ, ಕಾಲು ಊದಿಕೊಂಡಿರುವ, ತೀವ್ರ ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬಾ ಉಣಿಸಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮುಂತಾದ ಲವಣಗಳು ಥಟ್ಟನೆ ಕುಸಿದು ಪ್ರಾಣಾಪಾಯ ಒದಗಬಹುದು; ಅಂಥ ಮಗುವಿನ ಆಹಾರವನ್ನು ವೈದ್ಯರೇ ನಿರ್ಧರಿಸಬೇಕು.

ಉಣಿಸುವವರು ಪಾಲಕರೇ ಆಗಿರಲಿ. ತಾನೇ ಬಾಟಲಿ ಹಿಡಿದು ಕುಡಿಯಬಲ್ಲ ಶಿಶುವನ್ನೂ ಮಡಿಲಲ್ಲಿಟ್ಟುಕೊಂಡು ನೀವೇ ಹಿಡಿದು ಕುಡಿಸಿ. ಮಗುವನ್ನು ‘ಸ್ವತಂತ್ರ’ವಾಗಿ ಬೆಳೆಸಬೇಕೆಂಬ ಸಲಹೆ ಸುತ್ತಲಿನಿಂದ ಧಾರಾಳವಾಗಿ ಬರುತ್ತದೆ. ಈ ಮಕ್ಕಳಿಗೆ ಸ್ವಾತಂತ್ರ್ಯ ಅಗತ್ಯಕ್ಕಿಂತ ಬೇಗನೆ ಸಿಕ್ಕಿಬಿಟ್ಟಿರುತ್ತದೆ. ಅವು ಕಲಿಯಬೇಕಾದದ್ದು ಇನ್ನೊಬ್ಬರನ್ನು ಅವಲಂಬಿಸುವುದನ್ನು.

ನೀರು ಮತ್ತು ಆಹಾರದ ಬದಲಾವಣೆಯಿಂದ ಭೇದಿ ಆಗುವುದುಂಟು. ಓಆರ್‌ಎಸ್ ಪೊಟ್ಟಣಗಳನ್ನು ಊರಿನಿಂದಲೇ ಕೊಂಡೊಯ್ಯಿರಿ. ಪೊಟ್ಟಣ ಸಿಗದ ಸಂದರ್ಭದಲ್ಲಿ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಅಳೆದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಉಪ್ಪಿನ ಅಳತೆ ಹೆಚ್ಚಾಗಬಾರದು. ಕಣ್ಣು ಗುಳಿ ಬಿದ್ದರೆ, ಆರೇಳು ಗಂಟೆ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲೂ ಆಗದಷ್ಟು ಮಂಕಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳು ತುಂಬದ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೂ ಹಾಗೆಯೇ. ಹತ್ತಿರದ ಮಕ್ಕಳ ಆಸ್ಪತ್ರೆ ಯಾವುದು, ರಾತ್ರಿ ದುಭಾಷಿಯನ್ನು ಸಂಪರ್ಕಿಸುವುದು ಹೇಗೆ ಎಂಬುದನ್ನು ಮಗು ಬರುವ ಮುನ್ನವೇ ತಿಳಿದಿಟ್ಟುಕೊಳ್ಳಿ.

ಬಾಂಧವ್ಯದ ಮೊದಲ ಎಳೆಗಳು

ಎತ್ತಿಕೊಳ್ಳುವುದು, ಉಣಿಸುವುದು, ಸಮಾಧಾನ ಮಾಡುವುದು ಈ ಮೂರು ಕೆಲಸಗಳನ್ನು ಹೊರಗಿನವರಿಗೆ ಬಿಟ್ಟುಕೊಡಬಾರದು. ಹೋಟೆಲಿನ ಸಿಬ್ಬಂದಿ, ಸಹಪ್ರಯಾಣಿಕರು, ಮನೆಗೆ ಬಂದ ಮೇಲೆ ನಿಮ್ಮ ಬಂಧುಗಳು ಮಗುವಿಗೆ ಏನು ಕೊಡುವುದಿದ್ದರೂ ನಿಮ್ಮ ಕೈಗೆ ಕೊಡಲಿ, ನಿಮ್ಮ ಕೈಯಿಂದ ಅದು ಮಗುವಿಗೆ ಹೋಗಲಿ. ಹಿರಿಯರಿಗೆ ಇದು ಒರಟಾಗಿ ಕಾಣುತ್ತದೆ ಎಂಬುದು ನಿಜ. ‘ಇದು ಕೆಲವು ತಿಂಗಳ ಕಟ್ಟುಪಾಡು, ಆಮೇಲೆ ಮಗು ತಾನಾಗಿಯೇ ನಿಮ್ಮ ಬಳಿ ಬರುತ್ತದೆ’ ಎಂದು ಹೊರಡುವ ಮುನ್ನವೇ ಅವರಿಗೆ ತಿಳಿಸಿದ್ದರೆ ಮನಸ್ತಾಪ ತಪ್ಪುತ್ತದೆ.

ಇಬ್ಬರು ಪಾಲಕರಲ್ಲಿ ಒಬ್ಬರನ್ನು ಮಾತ್ರ ಹಚ್ಚಿಕೊಂಡು ಇನ್ನೊಬ್ಬರನ್ನು ಕಂಡರೆ ಮಗು ಅಳುವುದು ಬಹಳ ಸಾಮಾನ್ಯ. ಸ್ತ್ರೀಯರೇ ನೋಡಿಕೊಳ್ಳುವ ಶಿಶುಗೃಹದಲ್ಲಿ ಬೆಳೆದ ಮಗು ಗಡ್ಡವಿರುವ ಮುಖವನ್ನು, ಗಂಡಸಿನ ದನಿಯನ್ನು ಮೊದಲ ಬಾರಿಗೆ ಕಾಣುತ್ತಿರಬಹುದು. ತಿರಸ್ಕೃತರಾದವರು ಬಲವಂತವಾಗಿ ಎತ್ತಿಕೊಳ್ಳಲು ಹೋಗದೆ, ಬೇಸರದಿಂದ ದೂರವೂ ಸರಿಯದೆ, ಮಗುವಿಗೆ ಇಷ್ಟವಾದ ತಿಂಡಿ ಕೊಡುವ, ಆಟಕ್ಕೆ ಕೂರುವ ಕೆಲಸಗಳನ್ನು ವಹಿಸಿಕೊಳ್ಳಲಿ. ಡಯಾಪರ್ ಬದಲಿಸುವ, ಮೂಗು ಒರೆಸುವ ಕೆಲಸಗಳನ್ನು ಹಚ್ಚಿಕೊಂಡವರೇ ಮಾಡಲಿ.

ಸಂಸ್ಥೆಯ ಪಾಲನೆ ಮಗುವಿನ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ರೊಮೇನಿಯಾದಲ್ಲಿ ನಡೆದ ಕೆಲಸದಿಂದ ಒಳ್ಳೆಯ ತಿಳಿವಳಿಕೆ ಸಿಕ್ಕಿದೆ. 2000ದಲ್ಲಿ ಬುಕಾರೆಸ್ಟ್ ನಗರದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಶಿಶುಗೃಹಗಳ 136 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸಾಕು ಕುಟುಂಬಗಳಿಗೆ ಕಳುಹಿಸಲಾಯಿತು. ಕುಟುಂಬ ಸೇರಿದ ಮಕ್ಕಳು, ಅದರಲ್ಲೂ ಎರಡು ವರ್ಷದ ಆಸುಪಾಸಿನೊಳಗೆ ಸೇರಿದವರು, ಬಾಂಧವ್ಯದ ವಿಷಯದಲ್ಲಿ ಹೆಚ್ಚು ಚೇತರಿಸಿಕೊಂಡರು. ಇದರಿಂದ ದೊಡ್ಡ ಮಕ್ಕಳ ವಿಷಯದಲ್ಲಿ ಆಸೆ ಬಿಡಬೇಕೆಂದು ಅರ್ಥವಲ್ಲ. ಅವರಿಗೆ ಹೆಚ್ಚು ಸಮಯ ಮತ್ತು ಹೆಚ್ಚು ನೆರವು ಬೇಕೆಂದು ಅರ್ಥ. ದೇಹದ ಬೆಳವಣಿಗೆಯಲ್ಲೂ, ಸಂಸ್ಥೆಯಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ ಸುಮಾರು ಒಂದು ತಿಂಗಳ ಎತ್ತರ ಹಿಂದೆ ಬೀಳುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಈ ಕ್ಷೇತ್ರದ ವೈದ್ಯರು ಬಳಸುತ್ತಾರೆ. ಆದ್ದರಿಂದ ನೀವು ತಂದ ಬಟ್ಟೆಗಳು ದೊಡ್ಡದಾದರೆ, ಮಗು ವಯಸ್ಸಿಗೆ ತಕ್ಕಂತೆ ನಡೆಯದಿದ್ದರೆ, ಹೋಟೆಲಿನ ಕೋಣೆಯಲ್ಲಿ ಕುಳಿತು ಕಾಯಿಲೆಗಳ ಹೆಸರು ಹುಡುಕಲು ಹೊರಡಬೇಡಿ. ಕಡತದಲ್ಲಿ ಇಲ್ಲದ ಗಂಭೀರ ಲಕ್ಷಣವೇನಾದರೂ ಕಂಡಿದ್ದೇ ಆದರೆ, ವಿಡಿಯೊ ಮಾಡಿ ದತ್ತು ಮಕ್ಕಳ ಆರೋಗ್ಯದಲ್ಲಿ ಅನುಭವವುಳ್ಳ ವೈದ್ಯರಿಗೆ ಕಳುಹಿಸಿ ಮತ್ತು ದತ್ತು ಸಂಸ್ಥೆಗೆ ಅಂದೇ ತಿಳಿಸಿ.

ಮಾತು ಬಲ್ಲ ಮಗುವಿನ ಪರಿಸ್ಥಿತಿ ಬೇರೆ. ದುಭಾಷಿ ಲಭ್ಯವಿರುವಾಗಲೇ, ಮುಂದೆ ಏನೇನು ನಡೆಯಲಿದೆ ಎಂಬುದನ್ನು ಚಿತ್ರಗಳ ಸಹಾಯದಿಂದ ವಿವರಿಸಿ ಹೇಳಿಸಿ: ಇಷ್ಟು ರಾತ್ರಿ ಈ ಕೋಣೆ, ಆಮೇಲೆ ವಿಮಾನ, ಆಮೇಲೆ ಈ ಮನೆ, ಈ ಹಾಸಿಗೆ ನಿನ್ನದು, ಮನೆಯಲ್ಲಿ ಇವರಿರುತ್ತಾರೆ. ತಪ್ಪು ಮಾಡಿದರೆ ಮರಳಿ ಕಳುಹಿಸುತ್ತಾರೆ ಎಂಬ ಭಯ ಅನೇಕ ಮಕ್ಕಳಲ್ಲಿರುತ್ತದೆ; ಹಾಗೆ ಆಗುವುದಿಲ್ಲವೆಂದು ಮಗುವಿನ ಭಾಷೆಯಲ್ಲೇ ಹೇಳಿಸಿ. ನಿಮ್ಮನ್ನು ತಾಯಿ, ತಂದೆ ಎಂದು ಕರೆಯಲೇಬೇಕೆಂದು ಒತ್ತಾಯಿಸಬೇಡಿ. ಹೆಸರನ್ನು ಬದಲಿಸುವುದಿದ್ದರೂ ಈ ದಿನಗಳಲ್ಲಿ ಹಳೆಯ ಹೆಸರಿನಿಂದಲೇ ಕರೆಯಿರಿ. ಎಲ್ಲವನ್ನೂ ಬಿಟ್ಟುಬಂದ ಮಗುವಿನ ಬಳಿ ಉಳಿದಿರುವುದು ಅದೊಂದೇ. ಶಿಸ್ತಿನ ವಿಷಯದಲ್ಲಿ ಹೇಳುವುದಾದರೆ, ಹಟ ಮಾಡುವ ಮಗುವನ್ನು ಒಂಟಿಯಾಗಿ ಮೂಲೆಯಲ್ಲಿ ಕೂರಿಸುವ ಶಿಕ್ಷೆ ಇಲ್ಲಿ ಸಲ್ಲದು. ಹತ್ತಿರ ಕುಳಿತು, ಪೆಟ್ಟಾಗದಂತೆ ನೋಡಿಕೊಂಡು, ಅಬ್ಬರ ಇಳಿಯುವವರೆಗೆ ಜೊತೆಗಿರಬೇಕು.

ಪಾಲಕರ ಮನಸ್ಸು

ಮಗುವನ್ನು ಕಂಡೊಡನೆ ವಾತ್ಸಲ್ಯ ಉಕ್ಕದಿದ್ದರೆ ಅದರಲ್ಲಿ ಅಪರಾಧವಿಲ್ಲ. ನಿದ್ದೆಗೆಟ್ಟು, ಮಗುವಿನಿಂದ ಗುದ್ದಿಸಿಕೊಂಡು, ಅಪರಿಚಿತ ಊರಿನಲ್ಲಿ ಕುಳಿತಾಗ ‘ನಾವು ಮಾಡಿದ್ದು ಸರಿಯೇ’ ಎಂಬ ಯೋಚನೆ ಬಹಳ ಮಂದಿಗೆ ಬರುತ್ತದೆ, ಬಾಯಿಬಿಟ್ಟು ಹೇಳುವವರು ಕಡಿಮೆ. ವಾತ್ಸಲ್ಯ ಬರುವವರೆಗೆ ವಾತ್ಸಲ್ಯದ ಕೆಲಸಗಳನ್ನು ಮಾಡುತ್ತಿರಬಹುದು. ಮಗುವಿಗೆ ಆ ಕ್ಷಣಕ್ಕೆ ಬೇಕಾದದ್ದೂ ಆ ಕೆಲಸಗಳೇ. ಇಬ್ಬರಿದ್ದರೆ ಸರದಿಯಲ್ಲಿ ನಿದ್ರಿಸಿ, ದಿನಕ್ಕೊಮ್ಮೆ ಒಬ್ಬೊಬ್ಬರೇ ಹೊರಗೆ ನಡೆದು ಬನ್ನಿ. ದತ್ತು ಪಾಲಕರಲ್ಲೂ, ಹೆತ್ತ ತಾಯಂದಿರಲ್ಲಿ ಕಾಣುವಂತೆಯೇ ಖಿನ್ನತೆ ಉಂಟಾಗುತ್ತದೆ. ಎರಡು ವಾರ ಮೀರಿ ಮಂಕು, ನಿದ್ರಾಹೀನತೆ, ಮಗುವಿನ ಕಡೆಗೆ ಸಿಡುಕು ಮುಂದುವರಿದರೆ ವೈದ್ಯರನ್ನು ಕಾಣಬೇಕು. ದತ್ತು ಸಂಸ್ಥೆಗೆ ತಿಳಿದರೆ ಏನೆಂದುಕೊಳ್ಳುವರೋ ಎಂಬ ಅಂಜಿಕೆಯಿಂದ ಮುಚ್ಚಿಡುವುದು ಎಲ್ಲರಿಗೂ ಕೇಡು.

ಪ್ರಯಾಣ ಮತ್ತು ಮನೆ

ದತ್ತು ಆದೇಶ, ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ಹಾಗೂ ಎರಡೂ ದೇಶಗಳು ಹೇಗ್ ಒಡಂಬಡಿಕೆಗೆ ಸೇರಿದ್ದರೆ ದತ್ತು ಆ ಒಡಂಬಡಿಕೆಯಂತೆ ನಡೆದಿದೆ ಎಂದು ದೃಢಪಡಿಸಿ 23ನೆಯ ವಿಧಿಯಂತೆ ನೀಡುವ ಅನುಸರಣಾ ಪ್ರಮಾಣಪತ್ರ, ಇವುಗಳ ಮೂಲ ಪ್ರತಿಗಳು ಕೈಚೀಲದಲ್ಲೇ ಇರಲಿ. ಎಲ್ಲ ಕಾಗದಗಳಲ್ಲೂ ಹೆಸರಿನ ಅಕ್ಷರಗಳು ಮತ್ತು ಜನ್ಮದಿನಾಂಕ ಒಂದೇ ಆಗಿವೆಯೇ ಎಂದು ಆ ದೇಶ ಬಿಡುವ ಮುನ್ನ ಪರಿಶೀಲಿಸಿ. ಊರಿಗೆ ಬಂದ ಮೇಲೆ ತಿದ್ದಿಸುವುದು ಬಹಳ ತ್ರಾಸದ ಕೆಲಸ. ವಿಮಾನ ಇಳಿಯುವಾಗ ಶಿಶುವಿಗೆ ಹಾಲು ಕುಡಿಸುತ್ತಿದ್ದರೆ ಕಿವಿನೋವು ಕಡಿಮೆಯಾಗುತ್ತದೆ. ನಿದ್ರೆ ಬರಲೆಂದು ಶೀತದ ಔಷಧಿಯನ್ನೋ ಅಲರ್ಜಿಯ ಔಷಧಿಯನ್ನೋ ಸ್ವಂತ ನಿರ್ಧಾರದಿಂದ ಕುಡಿಸಬೇಡಿ. ಕೆಲವು ಮಕ್ಕಳಲ್ಲಿ ಅದು ನಿದ್ರೆಯ ಬದಲು ವಿಪರೀತ ಚಡಪಡಿಕೆ ಉಂಟುಮಾಡುತ್ತದೆ.

ವಿಮಾನ ನಿಲ್ದಾಣದಲ್ಲಿ ಬಲೂನು ಹಿಡಿದ ಬಂಧುಬಳಗ ಬೇಡ. ಮನೆಗೆ ಬಂದ ಎರಡು ವಾರಗಳೊಳಗೆ ಮಗುವಿಗೆ ಪೂರ್ಣ ವೈದ್ಯಕೀಯ ತಪಾಸಣೆ ಆಗಬೇಕು. ಹುಟ್ಟಿದ ದೇಶದ ವರದಿಗಳೇನೇ ಹೇಳಲಿ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಕರುಳಿನ ಹುಳು ಮತ್ತಿತರ ಪರೋಪಜೀವಿಗಳು, ರಕ್ತಹೀನತೆ, ರಕ್ತದಲ್ಲಿನ ಸೀಸದ ಪ್ರಮಾಣ, ಥೈರಾಯ್ಡ್ ಇವುಗಳ ಪರೀಕ್ಷೆಯನ್ನು ಮತ್ತೆ ಮಾಡಿಸುವುದು ರೂಢಿ. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೆ ಸಿಕ್ಕದೇ ಹೋಗಬಹುದಾದ್ದರಿಂದ ಕ್ಷಯ, ಹೆಪಟೈಟಿಸ್ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ಕೆಲವು ತಿಂಗಳ ನಂತರ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಪುನಃ ಮಾಡಿಸುತ್ತಾರೆ. ಲಸಿಕೆಯ ದಾಖಲೆಯ ಬಗ್ಗೆ ಸಂಶಯವಿದ್ದರೆ ರಕ್ತದಲ್ಲಿ ಪ್ರತಿಕಾಯಗಳನ್ನು ಅಳೆಯಬಹುದು ಅಥವಾ ಲಸಿಕೆಗಳನ್ನು ಮತ್ತೆ ಹಾಕಿಸಬಹುದು. ಕಣ್ಣು, ಕಿವಿ, ಹಲ್ಲುಗಳನ್ನು ಮರೆಯಬಾರದು. ಹೆಪಟೈಟಿಸ್ ಎ ಹೆಚ್ಚಾಗಿರುವ ದೇಶದಿಂದ ಮಗು ಬರುವುದಾದರೆ, ಮೊದಲ ಎರಡು ತಿಂಗಳಲ್ಲಿ ಅದರೊಡನೆ ನಿಕಟವಾಗಿರುವ ಮನೆಯವರೆಲ್ಲರೂ ಮಗು ಬರುವ ಮುನ್ನವೇ ಆ ಲಸಿಕೆ ಹಾಕಿಸಿಕೊಂಡಿರಬೇಕು. ಊರಲ್ಲೇ ಉಳಿದ ಅಜ್ಜ ಅಜ್ಜಿಯರಿಗೂ ಇದು ಅನ್ವಯಿಸುತ್ತದೆ.

ಮಗುವಿನ ಮೊದಲ ಭಾಷೆ ಊಹೆಗೂ ಮೀರಿದ ವೇಗದಲ್ಲಿ, ಚಿಕ್ಕ ಮಕ್ಕಳಲ್ಲಿ ಕೆಲವೇ ತಿಂಗಳುಗಳಲ್ಲಿ, ಅಳಿಸಿಹೋಗುತ್ತದೆ. ಹೊಸ ಭಾಷೆ ಅಷ್ಟೇ ಬೇಗ ತುಂಬಿಕೊಳ್ಳುವುದಿಲ್ಲ. ನಡುವಿನ ಆ ಕಾಲದಲ್ಲಿ ಮಗುವಿನ ಸಿಟ್ಟು ಹೆಚ್ಚುವುದಕ್ಕೆ ಹೇಳಿಕೊಳ್ಳಲು ಮಾತಿಲ್ಲದಿರುವುದೂ ಒಂದು ಕಾರಣ. ಆ ಭಾಷೆಯವರು ಯಾರಾದರೂ ಪರಿಚಿತರಿದ್ದರೆ, ಮಗು ನಿಮ್ಮನ್ನು ಹಚ್ಚಿಕೊಂಡ ಮೇಲೆ, ವಾರಕ್ಕೊಮ್ಮೆ ಮಾತನಾಡಿಸುವ ಏರ್ಪಾಡು ಮಾಡಿ. ಶಾಲೆ ಅಥವಾ ಶಿಶುಪಾಲನಾ ಕೇಂದ್ರಕ್ಕೆ ಸೇರಿಸುವುದನ್ನು ರಜೆ ಮತ್ತು ಕಾನೂನು ಎಷ್ಟು ಅನುವು ಮಾಡಿಕೊಡುತ್ತವೆಯೋ ಅಷ್ಟು ಮುಂದೂಡಿ.

ಮಗುವಿನ ದೇಶಕ್ಕೆ ಕಾಲಕಾಲಕ್ಕೆ ಕಳುಹಿಸಬೇಕಾದ ಪಾಲನಾ ವರದಿಯ ಗಡುವುಗಳನ್ನು ಮೊದಲ ವಾರದಲ್ಲೇ ಬರೆದಿಟ್ಟುಕೊಳ್ಳಿ. ಎಷ್ಟು ವರದಿ, ಎಷ್ಟು ವರ್ಷ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಕೆಲವು ದೇಶಗಳು ಮಗು ಪ್ರಾಪ್ತ ವಯಸ್ಕನಾಗುವವರೆಗೂ ಕೇಳುತ್ತವೆ. ಬಾಕಿ ಉಳಿದ ವರದಿಗಳಿಂದ ಆ ದೇಶದಲ್ಲಿ ಕಾಯುತ್ತಿರುವ ಇತರ ಕುಟುಂಬಗಳ ಅರ್ಜಿಗಳಿಗೂ ತೊಡಕಾಗಬಹುದು. ವರದಿಯಲ್ಲಿ ಮಗುವಿನ ನಗುವ ಫೋಟೋಗಳ ಜೊತೆಗೆ ನಿದ್ದೆ, ಊಟ, ಹಟಗಳ ವಿಷಯವನ್ನೂ ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದನ್ನು ಸಿದ್ಧಪಡಿಸಲು ಮನೆಗೆ ಬರುವ ಸಮಾಜ ಕಾರ್ಯಕರ್ತರ ಬಳಿ ನೆರವು ಕೇಳಲು ಅದೇ ತಕ್ಕ ಸಂದರ್ಭ.